ಸದ್ದಿಲ್ಲದ ಮಗ್ಗ

"ಅದೆಲ್ಲ ಸರಿ ಮೇಷ್ಟ್ರೇ, ಆ ಊರಲ್ಲಿ ಬಟ್ಟೆ ಒಗೆಯೋರು ಯಾರು?" ಎಂದ ಕ್ಲೋದಿಯುಸ್, ಬೆಳ್ಳುಳ್ಳಿ ಹಾಕಿ ಕಡೆದ ಹಸಿ ಚೀಸನ್ನು ಬ್ರೆಡ್ಡಿನ ಮೇಲೆ ಸವರುತ್ತ.

ಫಿಲಿಬೆರ್ ಮೇಷ್ಟ್ರು ಓದುತ್ತಿದ್ದ ಹಾಳೆಯಿಂದ ತಲೆ ಎತ್ತಿದರು. "ಎಲ್ರೂ ಒಗೀತಾರಪ್ಪ. ನದೀ ದಂಡೇಲಿ ಸಾಲಾಗಿ ನಿಂತು, ನಾಲ್ಕು ಧ್ವನೀಲಿ ಹಾಡ್ಕೊಂಡು."

"ಗಂಡಸ್ರೂನಾ?"

"ಗಂಡಸ್ರು ಮಂದ್ರದಲ್ಲಿ."

"ಮಂದ್ರದಲ್ಲಿ ಹಾಡೋದೋ, ಮಂದ್ರದಲ್ಲಿ ಒಗೆಯೋದೋ?"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕು, ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಗುರುತು ಹಾಕಿಕೊಂಡರು. ಕ್ಲೋದಿಯುಸ್ ಏನು ಕೇಳಿದರೂ ಮುಂದಿನ ಸೋಮವಾರದೊಳಗೆ ಅವರು ಬರೆಯುತ್ತಿದ್ದ ಆ ಊರಿನಲ್ಲಿ ಅದಕ್ಕೊಂದು ಏರ್ಪಾಟು ಆಗಿರುತ್ತಿತ್ತು. ಆ ಊರಿಗೆ ಚರಂಡಿ ಬಂದದ್ದು ಹಾಗೆ. ಸೂಲಗಿತ್ತಿಯರು ಬಂದದ್ದೂ ಹಾಗೆಯೇ.

ಸೋಮವಾರ ಮಗ್ಗ ಮುಟ್ಟದಿರುವುದು ಲಿಯೋನಿನ ಈ ನೇಕಾರರ ಗುಡ್ಡದಲ್ಲಿ ಹಳೆಯ ರೂಢಿ. ಪಾದ್ರಿಗಳ ಪಂಚಾಂಗದಲ್ಲಿ ಇಲ್ಲದ ಆ ಹಬ್ಬಕ್ಕೆ ನಾವೇ 'ಸಂತ ಸೋಮವಾರ' ಎಂದು ಹೆಸರಿಟ್ಟಿದ್ದೆವು. ಫ್ರಾನ್ಸಿಗೆ ಆಗಿನ್ನೂ ರಾಜ ಇದ್ದ. ಊಟವಾದ ಮೇಲೆ ಪೆರ್ನೆಟಕ್ಕನ ಕಾರ್ಖಾನೆಯಲ್ಲಿ ಸೇರುತ್ತಿದ್ದೆವು. ಕಾರ್ಖಾನೆ ಎಂದರೆ ಒಂದೇ ಕೋಣೆ, ಎತ್ತರದ ಸೂರು, ಎರಡು ಮಗ್ಗ. ಗಂಡ ಸತ್ತ ಮೇಲೆ ಒಂದು ಮಗ್ಗದಲ್ಲಿ ಅಕ್ಕ ತಾನೇ ರೇಷ್ಮೆ ನೇಯುತ್ತಿದ್ದಳು. ಇನ್ನೊಂದರಲ್ಲಿ ಕೂಲಿಗೆ ಕ್ಲೋದಿಯುಸ್. ಎರಡರ ನಡುವೆ, ಕಿಟಕಿಯ ಕೆಳಗೆ, ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ನಾನು, ಎಟಿಯೆನೆಟ್.

ಮೇಷ್ಟ್ರು ಕೆಳಗಿನ ಮಹಡಿಯ ಬಾಡಿಗೆ ಕೋಣೆಯಲ್ಲಿದ್ದರು. ಸಂಜೆ ಹೊತ್ತು ನೇಕಾರರಿಗೆ ಹಾಡು ಕಲಿಸುತ್ತಿದ್ದರು. ಸ್ವರಗಳ ಏರಿಳಿತವನ್ನು ಕೈಯಲ್ಲಿ ತೋರಿಸಿ ತೋರಿಸಿ ಅಭ್ಯಾಸವಾಗಿ, ಸುಮ್ಮನೆ ಮಾತನಾಡುವಾಗಲೂ ಅವರ ಬಲಗೈ ಮೇಲೆ ಕೆಳಗೆ ಹೋಗುತ್ತಿತ್ತು. "ಉಪ್ಪು ಕೊಡಮ್ಮ" ಎನ್ನುವಾಗ 'ಉಪ್ಪು' ಎದೆಯ ಮಟ್ಟದಲ್ಲಿ, 'ಕೊಡಮ್ಮ' ಗಲ್ಲದ ಮಟ್ಟದಲ್ಲಿ.

ಆ ಕಾಲದಲ್ಲಿ ನಾಲ್ಕಕ್ಷರ ಬಂದವರೆಲ್ಲ ಕಾಗದದ ಮೇಲೆ ಒಂದೊಂದು ಊರು ಕಟ್ಟುತ್ತಿದ್ದರು. ಪ್ಯಾರಿಸಿನಿಂದ ಬರುವ ಪತ್ರಿಕೆಗಳ ಕೆಳಭಾಗದಲ್ಲಿ ಕಂತು ಕಂತಾಗಿ ಒಂದಲ್ಲ ಒಂದು ಹೊಸ ಊರು. ಒಂದರಲ್ಲಿ ಪಟ್ಟಣಕ್ಕೆ ಪಟ್ಟಣವೇ ಆರ್ಗನ್ ವಾದ್ಯ, ಗಾಳಿ ಬೀಸಿದರೆ ಬೀದಿಗಳು ನುಡಿಯುತ್ತವೆ. ("ಜೋರು ಗಾಳಿ ಬಂದ್ರೆ ರಾತ್ರಿ ಮಲಗಿದಂಗೇ" ಎಂದಿದ್ದ ಕ್ಲೋದಿಯುಸ್.) ಇನ್ನೊಂದರಲ್ಲಿ ನ್ಯಾಯಾಧೀಶರ ಬದಲು ಪಿಟೀಲಿನವರು. ನಮ್ಮ ಮೇಷ್ಟ್ರ ಊರಿನ ಹೆಸರು ಸ್ವರನಗರ. ಅಲ್ಲಿ ಮಗು ಹುಟ್ಟಿದಾಗ ಅದರ ಮೊದಲ ಅಳು ಯಾವ ಸ್ವರದಲ್ಲಿತ್ತೋ ಅದೇ ಅದರ ಸ್ವರ, ಸಾಯುವ ತನಕ. ಹೆಸರು ಆಮೇಲೆ. ಬೆಳಗಾದರೆ ಬೀದಿಯ ಜನ ತಂತಮ್ಮ ಸ್ವರ ಹಿಡಿದು ಕಿಟಕಿ ತೆರೆಯುತ್ತಾರೆ, ಊರೆಲ್ಲ ಒಂದೇ ಮೇಳ. ಜಗಳ ಆಡುವವರು ಹಾಡಿಕೊಂಡೇ ಆಡಬೇಕು, ಅದೂ ಒಬ್ಬರಿಗೊಬ್ಬರು ಹೊಂದುವ ಸ್ವರದಲ್ಲಿ. ಹಾಗೆ ಹಾಡುತ್ತ ಸಿಟ್ಟು ಉಳಿಯುವುದಿಲ್ಲ ಎಂದು ಮೇಷ್ಟ್ರ ನಂಬಿಕೆ.

"ನನ್ ಹೆಂಡ್ತಿ ಬೈಗುಳಕ್ಕೆ ರಾಗ ಬೇರೆ ಹಾಕ್ಬಿಟ್ರೆ ನಾನು ಮಗ್ಗಕ್ಕೆ ಬರೋದು ಮಧ್ಯಾಹ್ನವೇ" ಎಂದು ಕ್ಲೋದಿಯುಸ್ ಗೊಣಗಿದ್ದ.

ನಾವು ಹೀಗೆ ಗೇಲಿ ಮಾಡುತ್ತಿದ್ದೆವು ನಿಜ. ಆದರೆ ಒಂದು ಸೋಮವಾರ ಮೇಷ್ಟ್ರು ನೆಗಡಿಯಾಗಿ ಬರದಿದ್ದರೆ ಇಡೀ ವಾರ ಏನೋ ಕಳೆದುಕೊಂಡ ಹಾಗೆ ಇರುತ್ತಿತ್ತು. ಬಾಗಿಲ ಹೊರಗೆ ಮೆಟ್ಟಿಲಿನ ಕೊಳೆ, ಒಳಗೆ ಎಣ್ಣೆಯ ಹೊಗೆ, ನಡುವೆ ಆ ಊರು. ನಮಗೂ ಅಲ್ಲಿ ಒಂದೊಂದು ಸ್ವರ ಕೊಟ್ಟಿದ್ದರು. ನನ್ನದು 'ಫಾ', ಸಾಲಿನ ನಾಲ್ಕನೆಯ ಸ್ವರ.

ಪೆರ್ನೆಟಕ್ಕನಿಗೆ ಮಾತ್ರ ಇನ್ನೂ ಕೊಟ್ಟಿರಲಿಲ್ಲ.

ಅದಕ್ಕೆ ಕಾರಣವಿತ್ತು. ಆ ಚಳಿಗಾಲದಲ್ಲಿ ಮೇಷ್ಟ್ರು ಅಕ್ಕನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದರು. ನಮ್ಮೆದುರಿಗೇ, ಸೂಪಿನ ಬಟ್ಟಲು ಕೈಯಲ್ಲಿ ಹಿಡಿದುಕೊಂಡು. ಅಕ್ಕ ಒಲ್ಲೆ ಎನ್ನಲಿಲ್ಲ. "ಮೊದ್ಲು ನಿಮ್ಮ ಊರು ಕಟ್ಟಿ ಮುಗ್ಸಿ. ಅಲ್ಲಿ ನನಗೊಂದು ಜಾಗ ಇದ್ರೆ ಇಲ್ಲಿ ನಿಮಗೊಂದು ಜಾಗ ಮಾಡ್ಕೊಡ್ತೀನಿ" ಎಂದಿದ್ದಳು. ನಗುತ್ತಲೇ ಹೇಳಿದಳು. ಆದರೆ ಅಕ್ಕ ನಗುತ್ತ ಹೇಳಿದ ಮಾತನ್ನೇ ಗಟ್ಟಿ ಹಿಡಿಯುವವಳು ಎಂಬುದು ನನಗೆ ಗೊತ್ತಿತ್ತು.

ಈಗ ಬಟ್ಟೆ ಒಗೆಯುವ ಮಾತಿನ ನಗು ಇಳಿದ ಮೇಲೆ ಅವಳೇ ಬಾಯಿ ತೆರೆದಳು.

"ಒಗೆಯೋದು ಆಯ್ತು. ಶ್ರುತಿ ಸೇರದೆ ಇರೋರು ಆ ಊರಲ್ಲಿ ಎಲ್ಲಿರ್ತಾರೆ ಮೇಷ್ಟ್ರೇ?"

"ಅಂಥೋರು ಅಲ್ಲಿ ಹುಟ್ಟೋದೇ ಇಲ್ಲ" ಎಂದರು ಮೇಷ್ಟ್ರು, ಖುಷಿಯಿಂದ, ಕೈಯನ್ನು ಮೇಲಿನ ಸ್ವರಕ್ಕೆ ಏರಿಸಿ. ಕೈ ಅಲ್ಲಿಯೇ ನಿಂತುಹೋಯಿತು.

ಕ್ಲೋದಿಯುಸ್ ಚೀಸ್ ಸವರುವುದನ್ನು ಬಿಟ್ಟು ನನ್ನ ಮುಖ ನೋಡಿದ.

ನಮ್ಮ ಭಾಷೆಯಲ್ಲಿ ಶ್ರುತಿ ತಪ್ಪಿ ಹಾಡುವುದಕ್ಕೆ 'ಸುಳ್ಳು ಹಾಡುವುದು' ಎನ್ನುತ್ತೇವೆ. ಖೋಟಾ ನಾಣ್ಯಕ್ಕೂ ಕಟ್ಟಿಸಿಕೊಂಡ ಹಲ್ಲಿಗೂ ಅದೇ ಮಾತು. ಪೆರ್ನೆಟಕ್ಕ ಸುಳ್ಳು ಹಾಡುವವಳು ಎಂಬುದು ಗುಡ್ಡಕ್ಕೆಲ್ಲ ಗೊತ್ತಿತ್ತು. ಬ್ರೆಸ್ ಕಡೆಯ ಅವಳ ಹುಟ್ಟೂರಿನಲ್ಲಿ ಚರ್ಚಿನ ಮೇಳದವರು, "ನೀನು ಬಾಯಿ ಮಾತ್ರ ಆಡ್ಸು ಮಗು, ಸ್ವರ ಬಿಡಬೇಡ" ಎಂದಿದ್ದರಂತೆ. ಅಂದಿನಿಂದ ಅವಳು ಎಲ್ಲಿ ಜನ ಹಾಡಿದರೂ ಬಾಯಿ ಆಡಿಸುತ್ತಿದ್ದಳು. ತುಟಿಗಳು ಒಂದು ಪದವನ್ನೂ ತಪ್ಪುತ್ತಿರಲಿಲ್ಲ. ನಮ್ಮ ಸೋಮವಾರಗಳಲ್ಲಿ ಓದು ಮುಗಿದ ಮೇಲೆ ಒಬ್ಬೊಬ್ಬರೂ ಸರದಿಯಲ್ಲಿ ಒಂದು ಹಾಡು ಹೇಳಬೇಕು, ಪಲ್ಲವಿಗೆ ಎಲ್ಲರೂ ದನಿಗೂಡಿಸಬೇಕು. ಅವಳ ಸರದಿ ಬರುವ ಹೊತ್ತಿಗೆ ಸರಿಯಾಗಿ ಅವಳಿಗೆ ವೈನ್ ತುಂಬಿಸಿಕೊಂಡು ಬರುವ ಕೆಲಸ ಬೀಳುತ್ತಿತ್ತು.

"ಹುಟ್ಟೋದಿಲ್ಲ, ಸರಿ" ಎಂದಳು ಅಕ್ಕ. "ಹುಟ್ಟಿಬಿಟ್ಟೋರು ಬಂದ್ರೆ? ಗೇಟಲ್ಲೇ ಹಾಡ್ಸಿ ನೋಡ್ತೀರೋ?"

"ಅದನ್ನ... ಮುಂದಿನ ವಾರ ಬರೀತೀನಿ" ಎಂದರು ಮೇಷ್ಟ್ರು.

ಮುಂದಿನ ವಾರ ಸ್ವರನಗರಕ್ಕೆ ಆಸ್ಪತ್ರೆ ಬಂತು. ಬೆಟ್ಟದ ಇಳಿಜಾರಿನಲ್ಲಿ, ನಿಂಬೆ ಗಿಡಗಳ ನಡುವೆ. ಸುಳ್ಳು ಹಾಡುವವರನ್ನು ಅಲ್ಲಿಗೆ ಕರೆದೊಯ್ದು, ಒಳ್ಳೆಯ ಊಟ ಕೊಟ್ಟು, ಬೆಳಿಗ್ಗೆ ಸಂಜೆ ಕೊಳಲು ಕೇಳಿಸಿ ಕಿವಿ ವಾಸಿ ಮಾಡುತ್ತಾರೆ. ಮೇಷ್ಟ್ರು ಬಹಳ ಮಮತೆಯಿಂದ ಬರೆದಿದ್ದರು. ಅಕ್ಕ ಕೊನೆಯ ತನಕ ಕೇಳಿ, "ನಾನು ಕಾಯಿಲೆಯವಳು ಅಂತ ಗೊತ್ತಿರ್ಲಿಲ್ಲ. ಊಟ ಏನು ಕೊಡ್ತಾರೆ?" ಎಂದಳು. ಮೇಷ್ಟ್ರ ಕಿವಿ ಕೆಂಪಾಯಿತು. ಅದರ ಮುಂದಿನ ವಾರ ಆಸ್ಪತ್ರೆ ಇರಲಿಲ್ಲ. ಸುಳ್ಳು ಹಾಡುವವರೆಲ್ಲ ದೊಡ್ಡ ಗಂಟೆ ಬಾರಿಸುವ ಗೌರವದ ಕೆಲಸದಲ್ಲಿದ್ದರು, ನೀಲಿ ನಿಲುವಂಗಿ ತೊಟ್ಟು.

"ಗಂಟೆ ಹೊಡೆಯೋಕೆ ಕಿವುಡ್ರು ಸಾಕಲ್ಲ" ಎಂದಳು ಅಕ್ಕ.

"ನಿಲುವಂಗಿ ಚೆನ್ನಾಗಿತ್ತಕ್ಕ" ಎಂದೆ ನಾನು.

"ನೇಯೋದು ಯಾರು ಹೇಳು, ಅದನ್ನ? ನಾನೇ."

ಆಮೇಲೆ ಎರಡು ಸೋಮವಾರ ಮೇಷ್ಟ್ರು ಏನೂ ಓದಲಿಲ್ಲ. ಮುಗಿಸುವ ಅಧ್ಯಾಯ ಬರೆಯುತ್ತಿದ್ದೇನೆ ಎಂದರು. ಗಡ್ಡ ಬೋಳಿಸುವುದನ್ನು ಮರೆತರು. ಪಾಠಕ್ಕೆ ಬಂದ ನೇಕಾರರು ಒಬ್ಬರ ಹಿಂದೊಬ್ಬರು ತಾಳ ತಪ್ಪಿದರೂ ತಿದ್ದಲಿಲ್ಲವಂತೆ. ಮೂರನೆಯ ಸೋಮವಾರ ಬಿಳಿ ಕಾಲರ್ ಹಾಕಿಕೊಂಡು ಬಂದು ಕುಳಿತಾಗ ಎಲ್ಲರಿಗೂ ಅರ್ಥವಾಯಿತು, ಇವತ್ತು ಓದು ಮುಗಿಯುತ್ತದೆ, ಅಕ್ಕ ಉತ್ತರ ಹೇಳಬೇಕು. ಕ್ಲೋದಿಯುಸ್ ತನ್ನ ಹೆಂಡತಿಯನ್ನೂ ಕರೆತಂದಿದ್ದ. ಅವಳು ಬಾಣಲೆಯಲ್ಲಿ ದಪ್ಪ ದೋಸೆಯಂಥ ಮಾತ್‌ಫಾಂ ಹುಯ್ದು ತಂದಿದ್ದಳು.

ಆ ಅಧ್ಯಾಯದಲ್ಲಿ ಒಬ್ಬ ವಿಧವೆ ಇದ್ದಳು. ಬೂದುಗಣ್ಣಿನವಳು, ಪೆರ್ನೆಟಕ್ಕನ ಹಾಗೆಯೇ ಎಡ ತೋಳನ್ನು ಮಾತ್ರ ಮೇಲೆ ಮಡಚುವವಳು. ಸ್ವರನಗರದ ಜನ ಅವಳಿಗೆಂದು ಒಂದು ಮಗ್ಗ ಮಾಡಿಸುತ್ತಾರೆ. ಗಾಜಿನದು, ಜೊಂಡಿನದು. ಅದಕ್ಕೆ ಸದ್ದೇ ಇಲ್ಲ. ಲಾಳಿ ಉಸಿರಿನಂತೆ ಹೋಗಿ ಬರುತ್ತದೆ. ಬೀದಿಯ ಹಾಡು, ನದಿಯ ನೀರು, ಪಕ್ಕದ ಮನೆಯ ಮಗುವಿನ ನಿದ್ದೆ, ಎಲ್ಲವೂ ಅವಳಿಗೆ ಕೇಳಿಸುತ್ತದೆ. ಅವಳು ಹಾಡಬೇಕಿಲ್ಲ. ಕೇಳುವುದೇ ಅವಳ ಸ್ಥಾನ. ಊರಿನಲ್ಲಿ ಅತ್ಯಂತ ದೊಡ್ಡ ಗೌರವ, ಎಲ್ಲ ಹಾಡುಗಳನ್ನೂ ಕೇಳಿಸಿಕೊಳ್ಳುವವಳಿಗೆ.

ಇದು ಎಲ್ಲಿಂದ ಬಂತೆಂದು ನಮಗೆ ಗೊತ್ತಿತ್ತು. ನಮ್ಮ ಮಗ್ಗಗಳನ್ನು ನಾವು ಅವುಗಳ ಸದ್ದಿನಿಂದಲೇ ಕರೆಯುವುದು: ಬಿಸ್ತಾಂಕ್ಲಾಕ್. ಅಕ್ಕ ಸಂಜೆ ಎದ್ದಾಗಲೆಲ್ಲ, "ಈ ಬಿಸ್ತಾಂಕ್ಲಾಕ್ ನನ್ ತಲೆ ತಿಂದ್ಹಾಕ್ತು" ಎನ್ನುತ್ತಿದ್ದಳು. ಗುಡ್ಡದಲ್ಲಿ ಎಲ್ಲರೂ ಸಂಜೆ ಅನ್ನುವ ಮಾತು ಅದು, ಬೇರೆಯವರು 'ಉಸ್ಸಪ್ಪಾ' ಅನ್ನುವ ಹಾಗೆ. ಮೇಷ್ಟ್ರು ಕೆಳಗಿನ ಕೋಣೆಯಲ್ಲಿ ಕುಳಿತು ವರ್ಷಗಟ್ಟಲೆ ತಲೆಯ ಮೇಲೆ ಆ ಬಡಿತ ಕೇಳಿದವರು. ಆ ಮಾತನ್ನು ನಿಜವೆಂದೇ ಎತ್ತಿಕೊಂಡಿದ್ದರು.

ಓದಿ ಮುಗಿಸಿದಾಗ ಕ್ಲೋದಿಯುಸ್‌ನ ಹೆಂಡತಿ ಸೆರಗಿನಂಥ ತನ್ನ ಕೊರಳ ವಸ್ತ್ರದಲ್ಲಿ ಮೂಗು ಒರೆಸಿಕೊಂಡಳು. ಕ್ಲೋದಿಯುಸ್ ಏನೂ ತಮಾಷೆ ಮಾಡಲಿಲ್ಲ.

ಪೆರ್ನೆಟಕ್ಕ ಬಾಣಲೆ ಎತ್ತಿಕೊಂಡಳು. "ಚೆನ್ನಾಗಿ ಬರ್ದಿದೀರಿ ಮೇಷ್ಟ್ರೇ."

"ಹಾಗಾದ್ರೆ, ಪೆರ್ನೆಟ್..."

"ನಾನು ಬರಲ್ಲ ಆ ಊರಿಗೆ. ಆರಿ ಹೋಗ್ತಿದೆ, ತಿನ್ನಿ."

ಹೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಯಾರಿಗೂ ಮೇಲೆ ಕೇಳಲು ಆಗಲಿಲ್ಲ. ಮೇಷ್ಟ್ರು ಒಂದು ತುಂಡು ತಿಂದರು. ಹಾಳೆಗಳನ್ನು ಮಡಚಿ ಕೋಟಿನೊಳಗೆ ಇಟ್ಟುಕೊಂಡು, ಎಲ್ಲರಿಗೂ ನಮಸ್ಕಾರ ಹೇಳಿ, ಕೆಳಗೆ ಹೋದರು.

ಮರುದಿನ ಬೆಳಿಗ್ಗೆ ಕ್ಲೋದಿಯುಸ್ ಇನ್ನೂ ಬಂದಿರಲಿಲ್ಲ, ಮಂಗಳವಾರ ಅವನು ಬೇಗ ಬರುವ ಪದ್ಧತಿಯೇ ಇಲ್ಲ. ಅಕ್ಕನ ಮಗ್ಗ ಒಂದೇ ನಡೆಯುತ್ತಿತ್ತು. ಮೇಷ್ಟ್ರು ಬಾಗಿಲ ಬಳಿ ಬಂದು ನಿಂತರು. ಅಕ್ಕನಿಗೆ ಅವರು ಕಾಣುವ ಹಾಗಿರಲಿಲ್ಲ, ಅವಳ ಬೆನ್ನು ಬಾಗಿಲಿಗೆ. ನನ್ನ ಹತ್ತಿರ ಬಾಗಿ, ಆ ಸದ್ದಿನಲ್ಲಿ ಕೇಳುವಂತೆ ಕಿವಿಯ ಬಳಿಯೇ ಕೇಳಿದರು.

"ಎಟಿಯೆನೆಟ್, ನಾನೇನು ತಪ್ಪು ಬರ್ದೆ?"

ಏನು ಹೇಳಲಿ? ನಾನು ವರ್ಷಗಳಿಂದ ಕೇಳುತ್ತ ಬಂದದ್ದು. ಅದು ಗುಟ್ಟು ಎಂದು ನನಗೆ ಅನ್ನಿಸಿರಲೇ ಇಲ್ಲ. ಇವರಿಗೂ ಗೊತ್ತಿರಬಹುದು ಎಂದುಕೊಂಡಿದ್ದೆ. ಎದ್ದು ನನ್ನ ಮಣೆಯನ್ನು ಅವರಿಗೆ ಬಿಟ್ಟುಕೊಟ್ಟೆ.

"ಇಲ್ಲಿ ಕೂತ್ಕೊಳ್ಳಿ. ಸುಮ್ನೆ ಕೇಳಿ."

ಅವರು ಕುಳಿತರು. ಬಿಸ್ತಾಂಕ್ಲಾಕ್, ಬಿಸ್ತಾಂಕ್ಲಾಕ್. ಮೊದಲು ಅವರಿಗೆ ಏನೂ ತಿಳಿಯಲಿಲ್ಲ. ಆಮೇಲೆ ಅವರ ತಲೆ ಸ್ವಲ್ಪ ಓರೆಯಾಯಿತು. ಆ ಬಡಿತದ ಒಳಗೆ, ಒಗೆಯುವ ಬಟ್ಟೆಯೊಳಗೆ ಸೋಪು ಸಿಕ್ಕಿಕೊಂಡ ಹಾಗೆ, ಒಂದು ದನಿ ಇತ್ತು. ಅಕ್ಕ ಹಾಡುತ್ತಿದ್ದಳು. ಪೂರ್ತಿ ಗಂಟಲು ಬಿಟ್ಟು, ತಲೆ ಹಿಂದಕ್ಕೆ ಹಾಕಿ. ಸೋಮವಾರ ನಾವು ಹಾಡುವ ಹಾಡುಗಳನ್ನೇ ಒಂದರ ಹಿಂದೊಂದು, ಎಲ್ಲರ ಸರದಿಯನ್ನೂ ತಾನೇ ತೆಗೆದುಕೊಂಡು. ಪ್ರತಿದಿನ ಹಾಗೆ. ಮಗ್ಗ ನಡೆಯುತ್ತಿರುವಷ್ಟು ಹೊತ್ತು ಅವಳಿಗೆ ಹಾಡಲು ಜಾಗವಿತ್ತು.

ಮೇಷ್ಟ್ರ ಮುಖ ಹುಳಿ ದ್ರಾಕ್ಷಿ ಕಚ್ಚಿದಂತೆ ಸೆಟೆದುಕೊಂಡಿತು. ಅದನ್ನು ಮುಚ್ಚಿಡುವುದೇಕೆ? ಅವರ ಬಲಗೈ ತಾನಾಗಿ ಮೇಲೆದ್ದು, ಸ್ವರ ಇಲ್ಲಿಗೆ ಬರಬೇಕು, ಇಲ್ಲಿಗೆ, ಎಂದು ಗಾಳಿಯಲ್ಲಿ ತೋರಿಸತೊಡಗಿತು. ಆದರೂ ಎದ್ದು ಹೋಗಲಿಲ್ಲ.

ಅಷ್ಟರಲ್ಲಿ ನೂಲು ಹರಿಯಿತು. ಅಕ್ಕ ಮಗ್ಗ ನಿಲ್ಲಿಸಿದಳು. ಆದರೆ ಹಾಡು ಅಷ್ಟು ಬೇಗ ನಿಲ್ಲುತ್ತದೆಯೇ? ಅರ್ಧ ಸಾಲು ಮೌನದೊಳಕ್ಕೆ ಒಂಟಿಯಾಗಿ ಬಂದುಬಿಟ್ಟಿತು, ಕೆಟ್ಟ ಅಪಸ್ವರದಲ್ಲಿ, ಕೋಣೆ ತುಂಬುವಷ್ಟು ಗಟ್ಟಿಯಾಗಿ. ಹರಿದ ನೂಲು ಗಂಟು ಹಾಕಲು ತಿರುಗಿದವಳಿಗೆ ಮಣೆಯ ಮೇಲೆ ಮೇಷ್ಟ್ರು ಕಂಡರು.

"ಯಾವಾಗ್ಲಿಂದ ಕೂತಿದೀರಿ?"

"ಕುರಿ ಕಾಯೋಳ ಹಾಡಿಂದ."

"ಹೇಗಿತ್ತು?"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಕಂಡಿಕೆ ನೋಡಿದೆ.

"ಭಯಂಕರವಾಗಿತ್ತು" ಎಂದರು.

ಅಕ್ಕ ನಕ್ಕುಬಿಟ್ಟಳು. ಮುಖ ಮಾತ್ರ ಕೆಂಪಾಗಿತ್ತು. "ಚೆನ್ನಾಗಿತ್ತು ಅಂದಿದ್ರೆ ಮೆಟ್ಲಿಂದ ಕೆಳಗೆ ದಬ್ತಿದ್ದೆ."

"ನನಗೆ ಗೊತ್ತಿರ್ಲಿಲ್ಲ ಪೆರ್ನೆಟ್. ಸದ್ದು ನಿನಗೆ ಕಷ್ಟ ಅಂತ ನಾನು..."

"ಕಷ್ಟ ನಿಜ. ಆದ್ರೆ ಅದೇ ನನ್ನ ಬಾಗಿಲು, ಅದೇ ಚಿಲಕ. ಅದನ್ನ ಕಿತ್ತು ಗಾಜಿಂದು ಕೊಟ್ರಿ. ನಿಮ್ಮೂರಲ್ಲಿ ನಾನು ಉಸಿರಾಡಿದ್ರೂ ಊರಿಗೆಲ್ಲ ಕೇಳುತ್ತೆ. ಎಲ್ರೂ ಹಾಡೋದನ್ನ ಕೇಳ್ತಾ ಕೂತಿರ್ಬೇಕು, ದೊಡ್ಡ ಗೌರವ. ಆ ಗೌರವ ಚರ್ಚಲ್ಲಿ ಸಾಕಷ್ಟು ಆಯ್ತು ನನಗೆ."

"ಮಗ್ಗದ ಸದ್ದು ವಾಪಸ್ ಹಾಕ್ತೀನಿ. ಇವತ್ತೇ."

"ಬೇಡ. ಸದ್ದು ಹಾಕಿ ನನ್ನ ಅದರಡಿ ಮುಚ್ಚಿಡ್ತೀರಾ?" ಅಕ್ಕ ಹರಿದ ಎಳೆಯ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡಳು. "ಜನ ನಾನು ಸುಳ್ಳು ಹಾಡ್ತೀನಿ ಅಂತಾರೆ. ಬಾಯಿ ಆಡ್ಸೋದಿತ್ತಲ್ಲ, ಅದು ಸುಳ್ಳು. ಇದು ನಾನು ಹಾಡೋದು. ಕೆಟ್ಟದಾಗಿ ಹಾಡ್ತೀನಿ, ಆದ್ರೆ ನಾನೇ ಹಾಡ್ತೀನಿ."

ಮೇಷ್ಟ್ರು ಜೇಬಿನಿಂದ ಪೆನ್ಸಿಲ್ ತೆಗೆದರು.

"ಹಾಗಾದ್ರೆ ಏನು ಬರೀಲಿ?"

"ಒಬ್ಳು ಶ್ರುತಿ ತಪ್ಪಿ ಹಾಡ್ತಾಳೆ ಅಂತ ಬರೀರಿ. ವಾಸಿ ಆಯ್ತು ಅನ್ಬೇಡಿ, ನಿಲುವಂಗಿ ಕೊಟ್ರು ಅನ್ಬೇಡಿ. ಹಾಡ್ತಾಳೆ, ಜನ ಅವರವರ ಪಾಡಿಗೆ ಬೀದೀಲಿ ಓಡಾಡ್ತಾರೆ. ಅಷ್ಟೆ."

"ಅಷ್ಟು ಬರೆದ್ರೆ ಅದು ಸ್ವರನಗರ ಆಗಲ್ಲ ಪೆರ್ನೆಟ್. ಬೆಳಿಗ್ಗೆ ಕಿಟಕಿ ತೆಗೆದಾಗ ಇಡೀ ಊರು ಒಂದೇ ಮೇಳ. ಅದರ ಮೇಲೇ ನಿಂತಿರೋದು ಎಲ್ಲ. ಒಂದು ಕಿಟಕಿ ತಪ್ಪಿದ್ರೂ..."

"ಗೊತ್ತು" ಎಂದಳು ಅಕ್ಕ. "ಅದಕ್ಕೇ ಬರಲ್ಲ ಅಂದೆ. ನಾನೇನು ಜಗಳ ಆಡ್ತಿಲ್ವಲ್ಲ." ಗಂಟು ಹಾಕಿ ಮತ್ತೆ ಮಗ್ಗಕ್ಕೆ ಕುಳಿತಳು. ಮೇಷ್ಟ್ರು ಹೊರಡುವಾಗ ಮೆಟ್ಟಿಲ ಮೇಲೆ ಎದುರಾದ ಕ್ಲೋದಿಯುಸ್ ಒಳಗೆ ಬಂದು, "ಏನಾಯ್ತು, ಮೇಷ್ಟ್ರು ಮಣ್ಣಿಗೆ ಹೋಗೋರ ಥರ ಇದಾರೆ?" ಎಂದ. ಆ ದಿನ ಅಕ್ಕನ ಮಗ್ಗದೊಳಗೆ ಹಾಡಿರಲಿಲ್ಲ.

ಮುಂದಿನ ಸೋಮವಾರ ಮೇಷ್ಟ್ರು ಬರುತ್ತಾರೋ ಇಲ್ಲವೋ ಎಂದು ನಾವು ಬಾಗಿಲ ಕಡೆಯೇ ನೋಡುತ್ತಿದ್ದೆವು. ಬಂದರು. ಕಾಲರ್ ಇರಲಿಲ್ಲ. ಬೆರಳುಗಳಲ್ಲಿ ಮಸಿ. ಯಾವತ್ತಿನ ಜಾಗದಲ್ಲಿ ಕೂರದೆ, ಖಾಲಿ ಇದ್ದ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ಒಂದೇ ಒಂದು ಸಾಲು ಬದ್ಲಾಯಿಸಿದೀನಿ" ಎಂದರು. "ಮಿಕ್ಕಿದ್ದೆಲ್ಲ ಹಾಗೇ ಇದೆ. ಬೆಳಗಿನ ಮೇಳದ ಹತ್ರ ಬರುತ್ತೆ." ಕನ್ನಡಕ ಸರಿಮಾಡಿಕೊಂಡು ಓದಿದರು: "'ಊರಿನ ಕಿಟಕಿಗಳೆಲ್ಲ ಒಂದೇ ಮೇಳದಲ್ಲಿ ತೆರೆದುಕೊಂಡವು. ಸೇತುವೆಯ ಆಚೆಯ ಬೀದಿಯಲ್ಲಿ ಒಬ್ಬಳು ಶ್ರುತಿ ತಪ್ಪಿ ಹಾಡುತ್ತಿದ್ದಳು. ಅವಳ ಹಾಡು ಸಂಜೆಯ ತನಕವೂ ನಡೆಯಿತು.'"

"ಆಮೇಲೆ?" ಎಂದ ಕ್ಲೋದಿಯುಸ್.

"ಆಮೇಲೆ ಬೇಕರಿಯೋನು ಬರ್ತಾನೆ. ಮೊದ್ಲಿನ ಹಾಗೇ."

"ಅವಳನ್ನ ಯಾರೂ ತಿದ್ದಲ್ವಾ?"

"ಇಲ್ಲ."

"ಒಂದೇ ಮೇಳ ಅಂತೀರಿ, ಇವಳೊಬ್ಳು ಬೇರೆ ಅಂತೀರಿ. ಎರಡೂ ಹೆಂಗೆ ಆಗುತ್ತೆ? ಓದೋರು ಕೇಳಲ್ವಾ?"

"ಕೇಳ್ತಾರೆ. ನನಗೂ ಗೊತ್ತಿಲ್ಲಪ್ಪ" ಎಂದರು ಮೇಷ್ಟ್ರು. "ಈ ವಾರ ಪೂರ್ತಿ ಯೋಚನೆ ಮಾಡ್ದೆ. ಒಂದನ್ನ ಹೊಡೆದುಹಾಕಿ ನೋಡ್ದೆ, ಇನ್ನೊಂದನ್ನ ಹೊಡೆದುಹಾಕಿ ನೋಡ್ದೆ. ಎರಡೂ ಇರ್ಲಿ ಅಂತ ಬಿಟ್ಟಿದೀನಿ. ಪ್ಯಾರಿಸ್‌ನೋರು ನಕ್ರೆ ನಗ್ಲಿ."

ಕ್ಲೋದಿಯುಸ್ ಯೋಚಿಸಿದ. "ನಮ್ಮನೆ ಬೀದೀನೂ ಹಂಗೇ ಐತೆ, ಅದೂ ನಡೀತಾ ಐತೆ" ಎಂದ ಕೊನೆಗೆ, ಒಪ್ಪಿಗೆ ಕೊಡುವವನಂತೆ.

ಪೆರ್ನೆಟಕ್ಕ ಮೇಷ್ಟ್ರ ಕೈಯಿಂದ ಆ ಹಾಳೆ ತೆಗೆದುಕೊಂಡಳು. ಅವಳಿಗೆ ಓದುವುದು ನಿಧಾನ. ಬೆರಳಿಟ್ಟು ಆ ಸಾಲನ್ನು ಹುಡುಕಿ, ತುಟಿಯಾಡಿಸದೆ, ಎರಡು ಸಲ ಓದಿದಳು. ಹಾಳೆಯನ್ನು ವಾಪಸು ಕೊಟ್ಟಳು.

"ಮುಗೀತಾ ಊರು?"

"ಮುಗೀತು."

"ಮದ್ವೆಗೆ ಅಂತ ಪುರಸಭೆ ಬಾಗ್ಲಿಗೆ ನಮ್ಮಿಬ್ರ ಹೆಸ್ರು ಯಾವತ್ತು ಅಂಟಿಸ್ತಾರಂತೆ? ಶನಿವಾರದೊಳಗೆ ಆದ್ರೆ ಒಳ್ಳೇದು, ಆಮೇಲೆ ನನಗೆ ಮಗ್ಗಕ್ಕೆ ಹೊಸ ಹಾಸು ಕಟ್ಟೋ ಕೆಲ್ಸ ಇದೆ."

"ನಾಳೆ ಹೋಗಿ ಕೇಳ್ತೀನಿ" ಎಂದರು ಮೇಷ್ಟ್ರು. ಅವರ ಕೈ ಯಾವ ಸ್ವರವನ್ನೂ ತೋರಿಸದೆ ಮಡಿಲಲ್ಲಿ ಬಿದ್ದಿತ್ತು.

"ಯಾರಪ್ಪಾ ಮೊದ್ಲು?" ಎಂದಳು ಅಕ್ಕ. "ಕ್ಲೋದಿಯುಸ್, ಶುರು ಮಾಡು."

ಕ್ಲೋದಿಯುಸ್ ಗಂಟಲು ಸರಿಮಾಡಿಕೊಂಡು ಒಂದು ದೋಣಿಯವನ ಹಾಡು ಎತ್ತಿಕೊಂಡ. ಪಲ್ಲವಿಗೆ ನಾವೆಲ್ಲ ಸೇರಿಕೊಂಡೆವು, ಅಕ್ಕನೂ, ಈ ಸಲ ಗಂಟಲು ಬಿಟ್ಟು. ಮಗ್ಗ ಎರಡೂ ಸುಮ್ಮನಿದ್ದವು. ಪಕ್ಕದಲ್ಲಿದ್ದ ಮೇಷ್ಟ್ರು ಎರಡನೆಯ ಸಾಲಿಗೇ ತಮ್ಮ ಸ್ವರ ಕಳೆದುಕೊಂಡರು. ಹುಡುಕಿದರು, ಸಿಗಲಿಲ್ಲ. ನಿಲ್ಲಿಸಿ ಒಂದು ಗುಟುಕು ವೈನ್ ಕುಡಿದು, ಮೂರನೆಯ ಸಾಲಿಗೆ ಮತ್ತೆ ಬಂದು ಸೇರಿಕೊಂಡರು.